ಹರಿದ ರೊಟ್ಟಿಯ ಅಂಚು, ಮುರಿದ ರೊಟ್ಟಿಯ ಅಂಚು

ಪ್ರಶ್ನೆ: ಶರಣಾರ್ಥಿ ಗುರುಗಳೇ. ನಾನು ಶಹಾಬಾದಿನವಳು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಅಪ್ಪನ ಪರಸಿ ಕಲ್ಲಿನ (ನೆಲಹಾಸು ಕಲ್ಲಿನ) ಘಟಕದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಈಗ ಹೊರರಾಜ್ಯದ ಗಿರಾಕಿಗಳಿಗಾಗಿ ಮಾಲಿನ ವಿವರವನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸವೂ ನನಗೇ ಬಂದಿದೆ. ಮಷಿನ್ನಿಗೆ ಹಾಕದೆ ಉಳಿ, ಸುತ್ತಿಗೆಯಿಂದ ಅಂಚು ಕೆತ್ತಿದ ಕಲ್ಲಿಗೆ 'ಜ್ಯಾಗ್ಡ್ ಎಡ್ಜ್' ಎಂದು ಬರೆದೆ. ಪುಣೆಯ ಗಿರಾಕಿ ಫೋನ್ ಮಾಡಿ, ಒಡೆದ ಮಾಲು ಕಳಿಸುತ್ತೀರಾ ಎಂದು ಕೇಳಿದರು. 'ರ್ಯಾಗ್ಡ್' ಎಂದು ತಿದ್ದಿದೆ. ಅವರು ನಕ್ಕರು. ನನ್ನಲ್ಲಿರುವ ನಿಘಂಟಿನಲ್ಲಿ ರಫ್, ಕೋರ್ಸ್, ರಗ್ಡ್ ಮೂರಕ್ಕೂ 'ಒರಟು' ಎಂದೇ ಇದೆ. ಜ್ಯಾಗ್ಡ್, ಸೆರೇಟೆಡ್ ಎರಡಕ್ಕೂ 'ಹಲ್ಲುಹಲ್ಲಾದ' ಎಂದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ತಮ್ಮ, ಇವೆಲ್ಲ ಸಮಾನಾರ್ಥಕ ಪದಗಳು, ರಫ್‌ಗಿಂತ ರಗ್ಡ್ ಒಂದು ಪಟ್ಟು ಹೆಚ್ಚು, ಅದಕ್ಕಿಂತ ಜ್ಯಾಗ್ಡ್ ಇನ್ನೂ ಹೆಚ್ಚು ಎಂದು ಕೋಚಿಂಗಿನಲ್ಲಿ ಹೇಳಿಕೊಟ್ಟಿದ್ದಾರೆ ಎನ್ನುತ್ತಾನೆ. ನಿಜವೇ? ಕನ್ನಡದಲ್ಲಿ ಅಷ್ಟು ಪದಗಳಿಲ್ಲದ್ದಕ್ಕೆ ನಮಗೆ ವ್ಯತ್ಯಾಸ ತಿಳಿಯುವುದಿಲ್ಲವೇ? ನಾನು ಏನೆಂದು ಬರೆಯಲಿ?

ಉತ್ತರ: ಶರಣಾರ್ಥಿ. ಗಿರಾಕಿ ನಕ್ಕರೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೂವತ್ತು ವರ್ಷ ಪದವಿ ತರಗತಿಗಳಿಗೆ ಇಂಗ್ಲಿಷ್ ಕಲಿಸಿ, ಈಗ ಕಲಬುರಗಿಯಲ್ಲಿ ಅನುವಾದ ಮಾಡಿಕೊಂಡಿರುವ ನಾನೂ ಈ ಗುಂಡಿಯಲ್ಲಿ ಬಿದ್ದು ಎದ್ದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರವಾಸಿ ಕೈಪಿಡಿಗೆ ಯಾದಗಿರಿಯ ಗುಡ್ಡಗಳ ಬಗ್ಗೆ ಬರೆಯುತ್ತ, 'ರಗಿಡ್ ಹಿಲ್ಸ್' (ನೀವು 'ರಗ್ಡ್' ಎಂದು ಬರೆದ ಪದವೇ, ಉಚ್ಚಾರ ಹೀಗೆ) ಎನ್ನುವ ಕಡೆ 'ರ್ಯಾಗಿಡ್ ಹಿಲ್ಸ್' ಎಂದು ಬರೆದುಬಿಟ್ಟಿದ್ದೆ. ಒಂದೇ ಅಕ್ಷರದ ಹೆಚ್ಚುಕಡಿಮೆ. ಕರಡು ತಿದ್ದುತ್ತಿದ್ದ ಹಿರಿಯರು ಹಾಳೆಯ ಬದಿಗೆ ಕೆಂಪು ಶಾಯಿಯಲ್ಲಿ 'ಗುಡ್ಡಕ್ಕೆ ಚಿಂದಿ ಉಡಿಸಿದ್ದೀರಿ' ಎಂದು ಬರೆದು ವಾಪಸು ಕಳಿಸಿದರು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಈ ಪದಗಳೆಲ್ಲ ಒಂದೇ ಹೌದೋ ಅಲ್ಲವೋ ಎಂಬುದು ಒಂದು. ಕನ್ನಡ ಬಡವಾಗಿದೆಯೇ ಎಂಬುದು ಇನ್ನೊಂದು. ಪುಣೆಗೆ ಏನು ಬರೆದು ಕಳಿಸಬೇಕೆಂಬುದು ಮೂರನೆಯದು, ಅದೇ ಅವಸರದ್ದು. ಆದರೆ ಮೊದಲೆರಡು ಬಿಡಿಸದೆ ಮೂರನೆಯದು ಬಿಡಿಸಿಕೊಳ್ಳುವುದಿಲ್ಲ. ಹಾಗಾಗಿ ಸ್ವಲ್ಪ ತಾಳಿಕೊಳ್ಳಿ.

ತಮ್ಮನಿಗೆ ಕೋಚಿಂಗಿನಲ್ಲಿ ಹೇಳಿಕೊಟ್ಟ ಏಣಿ ಸುಳ್ಳು. ಅದನ್ನು ಕೆಡವಲು ನಿಘಂಟು ಬೇಡ, ಮನೆಯಲ್ಲಿರುವ ಎರಡು ವಸ್ತು ಸಾಕು. ಬಡಿಗ ಉಜ್ಜಲು ಬಳಸುವ ಉಸುಕಿನ ಕಾಗದದ ಮೇಲೆ ಬೆರಳಾಡಿಸಿ. ಅದು ರಫ್. ಆಮೇಲೆ ಒಡೆದ ಗಾಜಿನ ಲೋಟದ ತುಂಡನ್ನು ಜೋಪಾನವಾಗಿ ಹಿಡಿದು ನೋಡಿ. ಅದರ ಅಂಚು ಜ್ಯಾಗಿಡ್, ಆದರೆ ಮೈ ಕನ್ನಡಿಯಷ್ಟು ನುಣುಪು. ಜ್ಯಾಗಿಡ್ ಎಂದರೆ 'ರಫ್‌ಗಿಂತ ಹೆಚ್ಚು ಒರಟು' ಎನ್ನುವುದಾದರೆ ಆ ಗಾಜು ಮೊದಲು ರಫ್ ಆಗಿರಬೇಕಿತ್ತಲ್ಲವೇ? ಇವು ಒಂದೇ ಏಣಿಯ ಮೇಲಿನ, ಕೆಳಗಿನ ಮೆಟ್ಟಿಲುಗಳಲ್ಲ. ಬೇರೆ ಬೇರೆ ಮನೆಗಳು. ರಫ್ ಎಂಬುದು ಮೈಯ ಮಾತು, ಜ್ಯಾಗಿಡ್ ಅಂಚಿನ ಮಾತು.

ಈಗ ಅಡುಗೆಮನೆಗೆ ಬನ್ನಿ. ಹಂಚಿನಿಂದ ಆಗಷ್ಟೇ ಇಳಿದ ಬಿಸಿ ಜೋಳದ ರೊಟ್ಟಿಯನ್ನು ಎರಡು ಕೈಯಿಂದ ಹರಿಯಿರಿ. ಹರಿದ ಕಡೆ ಅಂಚು ಹೇಗಿರುತ್ತದೆ? ಮೆತ್ತಗೆ, ಒಂದು ಕಡೆ ಜೋತು, ಇನ್ನೊಂದು ಕಡೆ ಎಳೆದುಕೊಂಡು, ಪದರ ಬಿಟ್ಟುಕೊಂಡು. ಇಂಗ್ಲಿಷಿನಲ್ಲಿ ಆ ಅಂಚು ರ್ಯಾಗಿಡ್. ಇನ್ನು ಡಬ್ಬಿಯಲ್ಲಿ ವಾರದಿಂದ ಇಟ್ಟ ಖಡಕ್ ರೊಟ್ಟಿಯೊಂದನ್ನು ತೆಗೆದು ಟಕ್ಕನೆ ಮುರಿಯಿರಿ. ಮುರಿದ ಅಂಚಿನಲ್ಲಿ ಮೊನೆಗಳು ಎದ್ದಿರುತ್ತವೆ, ಒಂದು ಉದ್ದ, ಒಂದು ಗಿಡ್ಡ, ಯಾವ ಎರಡೂ ಒಂದೇ ಸಮ ಇಲ್ಲ. ಅವಸರದಲ್ಲಿ ತಿಂದರೆ ವಸಡಿಗೆ ಚುಚ್ಚುವ ಅಂಚು. ಅದು ಜ್ಯಾಗಿಡ್. ಹಿಟ್ಟು ಅದೇ, ಬಡಿದ ಕೈ ಅದೇ. ಒಂದು ಹರಿಯಿತು, ಇನ್ನೊಂದು ಮುರಿಯಿತು, ಅಷ್ಟೇ.

ನೋಡಿದಿರಾ, ಕನ್ನಡದಲ್ಲಿ ನಾನು ಹರಿ, ಮುರಿ ಎಂಬ ಎರಡು ಕ್ರಿಯಾಪದಗಳಿಂದಲೇ ಇಂಗ್ಲಿಷಿನ ಎರಡು ಗುಣವಾಚಕಗಳನ್ನು ಬೇರೆ ಮಾಡಿದೆ. ನಿಮ್ಮ ಎರಡನೆಯ ಚಿಂತೆಗೆ ಉತ್ತರ ಇಲ್ಲಿಯೇ ಇದೆ. ಇಂಗ್ಲಿಷ್ ಯಾವ ಭೇದವನ್ನು ಗುಣವಾಚಕದಲ್ಲಿ ಇಡುತ್ತದೋ ಕನ್ನಡ ಅದನ್ನು ಕ್ರಿಯಾಪದದಲ್ಲಿ ಇಡುತ್ತದೆ. ಬಟ್ಟೆ, ಕಾಗದ ಹರಿಯುತ್ತವೆ. ಕೋಲು, ಎಲುಬು ಮುರಿಯುತ್ತವೆ. ಗಡಿಗೆ, ಗಾಜು ಒಡೆಯುತ್ತವೆ. ಬೇಸಿಗೆಯ ಎರೆಹೊಲ ಬಿರಿಯುತ್ತದೆ, ಕಟ್ಟಿಗೆ ಸೀಳುತ್ತದೆ. ಗಡಿಗೆ ಮುರಿಯಿತು ಎಂದು ನಮ್ಮ ಮೂರು ವರ್ಷದ ಮಗು ಹೇಳಿದರೂ ಅಜ್ಜಿ ತಿದ್ದುತ್ತಾಳೆ. ಇಂಗ್ಲಿಷಿನವನು ಕೋಲಿಗೂ ಗಡಿಗೆಗೂ 'ಬ್ರೇಕ್' ಎಂಬ ಒಂದೇ ಪದದಲ್ಲಿ ಕೆಲಸ ಮುಗಿಸುತ್ತಾನೆ. ಅಂದರೆ ಈ ವಿಷಯದಲ್ಲಿ ಬಡವರು ಯಾರು ಎಂಬುದನ್ನು ಅವಸರದಲ್ಲಿ ತೀರ್ಮಾನಿಸಬಾರದು. ನಿಮ್ಮ ನಿಘಂಟು ಸೋಮಾರಿ, ಭಾಷೆಯಲ್ಲ. ಕೈಗೆ ಸಿಕ್ಕ 'ಒರಟು' ಎಂಬ ಚೀಟಿಯನ್ನು ಅದು ಸಾಲಾಗಿ ಅಂಟಿಸಿಕೊಂಡು ಹೋಗಿದೆ.

ಹಾಗಾಗಿ ಅಂಚಿನ ವಿಷಯ ಬಂದಾಗಲೆಲ್ಲ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಒಂದೇ: ಅಂಚು ಹೇಗಿದೆ ಎಂದು ಕೇಳಬೇಡಿ, ಅದಕ್ಕೆ ಏನಾಯಿತು ಎಂದು ಕನ್ನಡದಲ್ಲಿ ಕೇಳಿಕೊಳ್ಳಿ. ಹರಿದದ್ದಾದರೆ ರ್ಯಾಗಿಡ್. ಮುರಿದದ್ದು, ಒಡೆದದ್ದು, ಕಿತ್ತ ತಗಡು ಆದರೆ ಜ್ಯಾಗಿಡ್. ಸಣ್ಣದೊಂದು ಚೂರು ಮಾತ್ರ ಹಾರಿಹೋಗಿ ಉಳಿದದ್ದು ನೆಟ್ಟಗಿದ್ದರೆ ಚಿಪ್ಡ್. ಈ ಚಿಪ್ಡ್‌ಗೆ ಕನ್ನಡದಲ್ಲಿ ಮುಕ್ಕು ಎಂಬ ಚೆಂದದ ಪದವಿದೆ. ಮುಕ್ಕಾದ ಮೂರ್ತಿ ಪೂಜೆಗೆ ಬರುವುದಿಲ್ಲ ಎನ್ನುತ್ತೇವಲ್ಲ, ಅದೇ. ನಿಮ್ಮ ವ್ಯಾಪಾರಕ್ಕೆ ಈ ಪದ ಮುಂದೆ ಬೇಕಾಗುತ್ತದೆ, ನೆನಪಿಡಿ.

ಸೆರೇಟೆಡ್ ಮಾತ್ರ ಈ ಗುಂಪಿನಲ್ಲಿ ಶಿಸ್ತಿನ ಮನುಷ್ಯ. ಲ್ಯಾಟಿನ್ನಿನಲ್ಲಿ 'ಸೆರ್ರಾ' ಎಂದರೆ ಗರಗಸ. ಗರಗಸದ ಹಲ್ಲುಗಳು ಒಂದೇ ಅಳತೆಯವು, ಒಂದೇ ಅಂತರದವು. ಜ್ಯಾಗಿಡ್‌ನ ಮೊನೆಗಳು ಅಪಘಾತದಿಂದ ಹುಟ್ಟಿದವು, ಸೆರೇಟೆಡ್‌ನ ಹಲ್ಲುಗಳಿಗೆ ಲೆಕ್ಕವಿದೆ. ಬ್ರೆಡ್ ಕೊಯ್ಯುವ ಚಾಕು ಸೆರೇಟೆಡ್, ಹಲ್ಲಿನ ಕುಡುಗೋಲು ಸೆರೇಟೆಡ್. ಮನುಷ್ಯ ಮಾಡಿದ್ದೇ ಆಗಬೇಕೆಂದಿಲ್ಲ. ಯುಗಾದಿಯ ದಿನ ಬೇವು ತಂದಾಗ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನುದ್ದಕ್ಕೂ ಸಣ್ಣ ಹಲ್ಲುಗಳು ತುದಿಯ ಕಡೆಗೆ ಬಾಗಿ ಸಾಲಾಗಿ ನಿಂತಿರುತ್ತವೆ. ಸಸ್ಯಶಾಸ್ತ್ರದವರು ಅದಕ್ಕೂ ಇದೇ ಗರಗಸದ ಪದ ಬಳಸುತ್ತಾರೆ. ಅದೇ ಬೇವಿನ ಎಲೆಯನ್ನು ಹುಳ ತಿಂದಿದ್ದರೆ ಆ ಅಂಚು ರ್ಯಾಗಿಡ್. ಒಂದೇ ಎಲೆ, ಗಿಡ ಕೊಟ್ಟ ಅಂಚಿಗೆ ಒಂದು ಪದ, ಹುಳ ಕೊಟ್ಟ ಅಂಚಿಗೆ ಇನ್ನೊಂದು.

ಜ್ಯಾಗಿಡ್ ಪದದ ಹಿಂದೆ ಒಂದು ತಮಾಷೆಯಿದೆ. ಅದು ಹುಟ್ಟಿದ್ದು ದರ್ಜಿಯ ಅಂಗಡಿಯಲ್ಲಿ. ಮಧ್ಯಯುಗದ ಯುರೋಪಿನಲ್ಲಿ ಉಳ್ಳವರು ನಿಲುವಂಗಿಯ ಅಂಚನ್ನು ಬೇಕೆಂದೇ ಕತ್ತರಿಸಿ ಮೊನೆ ಮೊನೆಯಾಗಿ ಇಳಿಬಿಡುತ್ತಿದ್ದರು. ಅಂಥ ಒಂದು ಕತ್ತರಿಕೆಯ ಹೆಸರು 'ಜ್ಯಾಗ್'. ಹೀಗೆ ಶೋಕಿಯ ಬಟ್ಟೆಯಿಂದ ಬಂದ ಪದ ಕ್ರಮೇಣ ಒಡೆದ ಗಾಜಿಗೆ, ಬಂಡೆಗೆ, ತಗಡಿಗೆ ಹೋಯಿತು. ರ್ಯಾಗಿಡ್ ಇನ್ನೂ ಬಟ್ಟೆಯ ಹತ್ತಿರವೇ ಉಳಿದಿದೆ. ಹರಕು ಅಂಗಿ, ಗಾಳಿಗೆ ಚಿಂದಿಯಾದ ಧ್ವಜ, ಏದುಸಿರು, ಸಾಲು ತಪ್ಪಿದ ಮೆರವಣಿಗೆ. ಕಲ್ಲಿಗೆ ಆ ಪದ ಹಾಕಿದಿರಿ ನೋಡಿ, ಪುಣೆಯವರ ಕಿವಿಗೆ ಅದು 'ಹರಕು ಕಲ್ಲು' ಎಂದು ಕೇಳಿಸಿತು. ನಗು ಅದಕ್ಕೇ.

ಕ್ರಿಯಾಪದದ ಈ ಉಪಾಯ ಅಂಚಿಗೆ ಚೆನ್ನಾಗಿ ಒಗ್ಗುತ್ತದೆ, ಮೈಗೆ ಅಷ್ಟಾಗಿ ಒಗ್ಗುವುದಿಲ್ಲ. ರಫ್, ಕೋರ್ಸ್, ರಗಿಡ್ ಇವು ಏನೋ ಆಗಿಹೋದದ್ದರ ಕುರುಹಲ್ಲ, ವಸ್ತು ಇರುವ ಸ್ಥಿತಿ. ಇವನ್ನು ಬೇರೆ ಮಾಡಲು ಎದುರು ಪದ ಹುಡುಕುವುದೇ ಸಲೀಸು. ರಫ್‌ಗೆ ಎದುರು ನುಣುಪು. ಕೋರ್ಸ್‌ಗೆ ಎದುರು ನುಣುಪಲ್ಲ, ಸಣ್ಣ. ಸಜ್ಜಿಗೆಯ ರವೆಯನ್ನು ಹಿಡಿದು ಹೇಳುವುದಾದರೆ ಚಿರೋಟಿ ರವೆ ಫೈನ್, ದಪ್ಪ ರವೆ ಕೋರ್ಸ್. ಚಟ್ನಿಗೆ ಶೇಂಗಾ ಕುಟ್ಟುವಾಗ ತರಿತರಿಯಾಗಿರಲಿ ಎನ್ನುತ್ತೇವಲ್ಲ, ಆ 'ತರಿ'ಯೇ ಕೋರ್ಸ್. ಕಣ ದಪ್ಪವಿದೆಯೇ, ಎಳೆ ದಪ್ಪವಿದೆಯೇ ಎಂಬುದಷ್ಟೇ ಅದಕ್ಕೆ ಮುಖ್ಯ. ಖಾದಿ ಬಟ್ಟೆಯಲ್ಲಿ ಎಳೆ ದಪ್ಪವಿದ್ದರೆ ಅದು ಕೋರ್ಸ್, ಅದನ್ನು ಉಟ್ಟು ಮೈ ತುರಿಸಿದರೆ ಆಗ ರಫ್. ಮನೆ ಕಟ್ಟುವವರ ಲೆಕ್ಕದಲ್ಲಂತೂ ಇದಕ್ಕೆ ಖಚಿತ ಗಡಿಯಿದೆ. ಭಾರತೀಯ ಮಾನಕದ ಪ್ರಕಾರ 4.75 ಮಿಲಿಮೀಟರ್ ಜರಡಿಯ ಮೇಲೆ ಉಳಿದ ಖಡಿ ಕೋರ್ಸ್, ಕೆಳಗಿಳಿದ ಉಸುಕು ಫೈನ್. ನಿಮ್ಮ ಪಾಲಿಶ್ ಮಷಿನ್ನಿಗೆ ಹಾಕುವ ಉಜ್ಜುಗಲ್ಲಿನ ಮೇಲೆ ನಂಬರ್ ಇರುತ್ತದೆ. ನಂಬರ್ ಏರಿದಷ್ಟೂ ಕಣ ಸಣ್ಣ. ಮೊದಲು ಕೋರ್ಸ್ ಕಲ್ಲಿನಿಂದ ಉಜ್ಜಿ ಆಮೇಲೆ ಫೈನ್‌ಗೆ ಹೋಗುತ್ತೀರಿ. ಆ ಕಲ್ಲುಗಳು ಕೋರ್ಸ್, ಇನ್ನೂ ಉಜ್ಜದ ಪರಸಿ ರಫ್.

ಕೋರ್ಸ್ ಎಂಬ ಪದಕ್ಕೆ ಇನ್ನೊಂದು ಕಾಟವಿದೆ. ಓದಿನ 'ಕೋರ್ಸ್' ಬೇರೆ, ಇದು ಬೇರೆ. ಉಚ್ಚಾರ ಒಂದೇ, ಬರೆಯುವಾಗ ಅದರಲ್ಲಿ ಯು ಅಕ್ಷರ, ಇದರಲ್ಲಿ ಎ ಅಕ್ಷರ. ಟೆಂಡರ್ ಕಾಗದಗಳನ್ನು ಅನುವಾದ ಮಾಡುವಾಗ 'ಓದಿನ ಉಸುಕು' ಎಷ್ಟು ಸಲ ನನ್ನ ಕಣ್ಣಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಮಜವೆಂದರೆ ನಿಘಂಟುಕಾರರ ಪ್ರಕಾರ ಇವೆರಡೂ ಮೂಲದಲ್ಲಿ ಒಂದೇ. ದಿನನಿತ್ಯದ, ಸಾಧಾರಣ ಬಟ್ಟೆ ಎನ್ನುವುದರಿಂದ 'ದಪ್ಪ ಎಳೆಯದು' ಎಂಬ ಅರ್ಥ ಬಂತು. ಸಾಧಾರಣದಿಂದ ಕೀಳು ಎಂಬಲ್ಲಿಗೆ ಜಾರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಜೋಳ, ಸಜ್ಜೆಗಳನ್ನು ಸರ್ಕಾರಿ ಕಡತಗಳು ದಶಕಗಳ ಕಾಲ 'ಕೋರ್ಸ್ ಸೀರಿಯಲ್ಸ್' ಎಂದೇ ಕರೆದವು. ಅಕ್ಕಿ, ಗೋಧಿ ಉಣ್ಣುವವರ ಪಂಕ್ತಿಯಲ್ಲಿ ರೊಟ್ಟಿ ಉಣ್ಣುವವನು ಹಿಂದೆ ಕೂತಂತೆ. 2018ರಲ್ಲಿ ಕೇಂದ್ರ ಸರ್ಕಾರ ಆ ಹೆಸರನ್ನು ಬಿಟ್ಟು 'ನ್ಯೂಟ್ರಿ ಸೀರಿಯಲ್ಸ್' ಎಂದು ಬದಲಿಸಿತು. ಜೋಳ ಬದಲಾಗಲಿಲ್ಲ, ಪದದ ಕಳಂಕ ಮಾತ್ರ ಕಳಚಿತು. ಮಾತಿನ ವಿಷಯದಲ್ಲೂ ಹೀಗೆಯೇ. ರಫ್ ಮಾತು ಎಂದರೆ ಗಡಸು ಮಾತು, ಆಡಿದವನ ಮನಸ್ಸು ಒಳ್ಳೆಯದೇ ಇರಬಹುದು. ಕೋರ್ಸ್ ಮಾತು ಎಂದರೆ ಹೊಲಸು ಮಾತು. ಒಂದರ ಬದಲು ಇನ್ನೊಂದು ಬರೆದರೆ ಮನುಷ್ಯನ ಮಾನ ಹೋಗುತ್ತದೆ.

ರಫ್‌ಗೆ ಇನ್ನೊಂದು ಗುಣವಿದೆ, ಅದು ನಿಮಗೆ ಮುಖ್ಯ. ಒಳಗೊಳಗೇ ಅದು 'ಕೆಲಸ ಇನ್ನೂ ಮುಗಿದಿಲ್ಲ' ಎಂದು ಹೇಳುತ್ತದೆ. ಅಚ್ಚಿನಿಂದ ಆಗ ತಾನೇ ಹೊರಬಂದ ಬಿದರಿ ಹೂಜಿ ರಫ್, ಅರ ಹಾಕಿ ಉಜ್ಜಿದ ಮೇಲೆ ಅಲ್ಲ. ಶಾಲೆಯ ರಫ್ ಪುಸ್ತಕ, ಗುತ್ತಿಗೆದಾರನ ರಫ್ ಅಂದಾಜು, ಎಲ್ಲದರಲ್ಲೂ ಇದೇ ಅರ್ಥ. ನಿಮ್ಮ ಊರಿನ ಬಜಾರಿನಲ್ಲಿ 'ರಫ್ ಶಹಾಬಾದ್, ಪಾಲಿಶ್ ಶಹಾಬಾದ್' ಎಂದು ಎರಡು ದರ ಹೇಳುವಾಗಲೂ ಅಷ್ಟೇ.

ಇನ್ನು ರಗಿಡ್. ಅದು ನೆಲದ, ಮುಖದ, ಗಟ್ಟಿತನದ ಪದ. 'ರಗ್' ಎಂಬ ಜಮಖಾನೆಯ ಹೆಸರು ಇದರ ದಾಯಾದಿ, ಮೊದಲು ಇದರ ಅರ್ಥ ಕೂದಲು ಕೂದಲಾದದ್ದು, ಕಂಬಳಿಯಂಥದ್ದು ಎಂದಿತ್ತು. ಇವತ್ತು ಏರಿಳಿತದ, ನಡೆಯಲು ಕಷ್ಟದ, ಆದರೆ ನೋಡಲು ಗಂಭೀರವಾದ ನೆಲಕ್ಕೆ ಹೇಳುತ್ತಾರೆ. ಇದರಲ್ಲಿ ಹೊಗಳಿಕೆಯಿದೆ. ಬಿಸಿಲು ತಿಂದ ರೈತನ ಮುಖ ರಗಿಡ್, ಕೆಳಗೆ ಬಿದ್ದರೂ ಒಡೆಯದ ಮೊಬೈಲ್ ರಗಿಡ್. ಯಾದಗಿರಿಯ ಕೋಟೆ ಗುಡ್ಡವನ್ನು ಹತ್ತಿದವರಿಗೆ ಈ ಪದ ಹೇಳಿಕೊಡಬೇಕಾಗಿಲ್ಲ. ಆದರೆ ಪ್ರಬಂಧಗಳಲ್ಲಿ ಮಕ್ಕಳು ಅದನ್ನು 'ಜ್ಯಾಗಿಡ್ ಹಿಲ್' ಎಂದು ಬರೆಯುವುದನ್ನು ತಿದ್ದಿ ತಿದ್ದಿ ನನ್ನ ಕೆಂಪು ಪೆನ್ನು ಸವೆದಿದೆ. ಅಲ್ಲಿರುವುದು ಗ್ರಾನೈಟ್. ಗ್ರಾನೈಟಿನ ಬಿರುಕುಗಳಲ್ಲಿ ನೀರು ಇಳಿದು ಮೊದಲು ಮೂಲೆಗಳನ್ನೇ ಸವೆಸುತ್ತದೆ, ಲಕ್ಷಾಂತರ ವರ್ಷಗಳಲ್ಲಿ ಚೌಕಾಕಾರದ ಬಂಡೆ ಉಂಡೆಯಾಗುತ್ತದೆ. ಒಂದರ ಮೇಲೊಂದು ಇಟ್ಟಂತೆ ಕೂತ ಆ ಗುಂಡುಗಲ್ಲುಗಳಲ್ಲಿ ಮೊನೆ ಎಲ್ಲಿದೆ? ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು ನೋಡಿ, ಆಕಾಶಕ್ಕೆ ತಾಗಿದ ಆ ಗೆರೆ ಎಷ್ಟು ದುಂಡಗಿದೆ. ಜ್ಯಾಗಿಡ್ ಎಂದು ಹಿಮಾಲಯದ ಮೊನಚು ಶಿಖರಗಳಿಗೆ ಹೇಳಲಿ.

ಬೀದರಿಗೆ ಹೋದರೆ ಇನ್ನೊಂದು ಪಾಠ. ಕೋಟೆಯ ಗೋಡೆಯ ಮೇಲೆ ಅಂಗೈ ಊರಿ ನಿಲ್ಲಿ. ಕೆಂಪು ಜಂಬಿಟ್ಟಿಗೆಯ ಮೈತುಂಬ ತೂತುಗಳು, ಕೆಲವು ಸಾಸಿವೆಯಷ್ಟು, ಕೆಲವು ಬೆರಳು ಹೋಗುವಷ್ಟು. ಕೈ ತೆಗೆದರೆ ಅಂಗೈಯಲ್ಲಿ ಅದರ ಗುರುತು ಮೂಡಿರುತ್ತದೆ. ಇದನ್ನು ರಫ್ ಎಂದರೆ ತಪ್ಪಲ್ಲ, ಆದರೆ ಸರಿಯಾದ ಪದ ಪಿಟೆಡ್. ಉಬ್ಬಿಗಿಂತ ತಗ್ಗು ಎದ್ದು ಕಾಣುವ ಮೈ ಅದು. ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಬರಹದಲ್ಲಿ. ಮಲಬಾರಿನಲ್ಲಿ ಅದನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ 'ಲೇಟರ್' ಪದದಿಂದ ಆ ಹೆಸರು ಮಾಡಿದ. ನಮ್ಮ ಜಂಬಿಟ್ಟಿಗೆಯ ಬಾಲದಲ್ಲೂ ಇಟ್ಟಿಗೆಯೇ ಇದೆ. ಗೋಡೆಯ ತಲೆಯ ಮೇಲೆ ನೋಡಿದರೆ ತೆನೆಗಳ ಸಾಲು, ಒಂದು ಎದ್ದು ಒಂದು ತಗ್ಗಿ. ಆ ಅಂಚಿಗೆ ಕ್ರೆನಲೇಟೆಡ್ ಎನ್ನುತ್ತಾರೆ, ಕನ್ನಡದಲ್ಲಿ ಕೋಟೆಯ ತೆನೆ ಎಂದರೆ ಮುಗಿಯಿತು.

ಉಳಿದವು ಸುಲಭ. ಬಂಪಿ ಎಂದರೆ ಉಬ್ಬುಗಳದ್ದು, ಮುಖ್ಯವಾಗಿ ರಸ್ತೆ ಮತ್ತು ಪ್ರಯಾಣಕ್ಕೆ. ಗಾಲಿಯ ಜಾಡು ಇಳಿದು ಕೊರಕಲಾದ ಎರೆಭೂಮಿಯ ಗಾಡಿದಾರಿಗೆ ರಟೆಡ್. ಲಂಪಿ ಎಂದರೆ ಗಂಟುಗಂಟು, ದನಗಳ ಚರ್ಮಗಂಟು ರೋಗದ ಇಂಗ್ಲಿಷ್ ಹೆಸರಿನಲ್ಲಿರುವುದು ಅದೇ. ನಿಮ್ಮ ಘಟಕದ ಮೇಲೆ ಹೊದಿಸಿದ ಪತ್ರಾ ಅಲೆಅಲೆಯಾಗಿದ್ದರೆ ಅದು ಕಾರುಗೇಟೆಡ್, ಲ್ಯಾಟಿನ್ನಿನಲ್ಲಿ ಅದರ ಬೇರು ಸುಕ್ಕು.

ಈಗ ನಿಮ್ಮ ಕಲ್ಲಿಗೆ ಬರೋಣ. ಉತ್ತರ ನಿಮ್ಮ ಪತ್ರದಲ್ಲೇ ಇತ್ತು, ನೀವೇ ಬರೆದಿದ್ದೀರಿ: 'ಅಂಚು ಕೆತ್ತಿದ ಕಲ್ಲು'. ಹರಿದದ್ದಲ್ಲ, ಮುರಿದದ್ದಲ್ಲ, ಒಡೆದದ್ದೂ ಅಲ್ಲ. ಕೆತ್ತಿದ್ದು. ಕೈಕಸುಬಿನ ಕೆಲಸಗಾರ ಉಳಿ ಹಿಡಿದು ಬೇಕೆಂದೇ ಮಾಡಿದ ಅಂಚು. ನೀವು ಅದರ ರೂಪವನ್ನು ಹುಡುಕುತ್ತ ಹೋದಿರಿ, ಮಾಡಿದ ಕೈಯನ್ನು ಬಿಟ್ಟಿರಿ. ಜ್ಯಾಗಿಡ್ ಎಂದ ಕೂಡಲೇ ಓದುವವನಿಗೆ ಅಪಘಾತ ಕಾಣುತ್ತದೆ, ಕಾಲು ಕೊಯ್ಯುವ ಅಂಚು ಕಾಣುತ್ತದೆ.

'ಹ್ಯಾಂಡ್ ಚಿಸೆಲ್ಡ್ ಎಡ್ಜಸ್' ಎಂದು ಬರೆಯಿರಿ. ಇದು ನಿಜ, ಮತ್ತು ಕಸುಬಿಗೆ ಮರ್ಯಾದೆ. ಅಪಾಯ ಒಂದಿದೆ. ಮನೆ ಕಟ್ಟಿಸುವ ಗಿರಾಕಿ ಕೆತ್ತಿದ್ದು ಎಂದರೆ ದೇವಸ್ಥಾನದ ಕಂಬದಂತೆ ನಯವಾಗಿ ಕೆತ್ತಿದ್ದು ಎಂದು ಭಾವಿಸಬಹುದು. ಅದಕ್ಕೆ ಪಕ್ಕದಲ್ಲೇ 'ಸ್ಲೈಟ್ಲಿ ಇರ್‌ರೆಗ್ಯುಲರ್' ಎಂದು ಸೇರಿಸಿ, ಅಂಚಿನ ಪಕ್ಕ ಸ್ಕೇಲ್ ಇಟ್ಟು ಹತ್ತಿರದಿಂದ ತೆಗೆದ ಫೋಟೋ ಕಳಿಸಿ. ಎಷ್ಟು ಹೆಚ್ಚುಕಡಿಮೆ ಎಂದು ಮಿಲಿಮೀಟರಿನಲ್ಲಿ ಬರೆದರೆ ಇನ್ನೂ ಸ್ವಚ್ಛ. ಆದರೆ ಬರೆದ ಮೇಲೆ ಅದು ವಚನ. ಹತ್ತು ಕಲ್ಲು ಅಳೆದು ಬರೆದು, ಸಾವಿರ ಕಲ್ಲಿನ ಲೋಡು ಬೇರೆ ಥರ ಹೋದರೆ ಪದಗಳ ತಪ್ಪಿಗಿಂತ ದೊಡ್ಡ ತಪ್ಪಾಗುತ್ತದೆ. ಅಪ್ಪನ ಹತ್ತಿರ, ಕೆತ್ತುವವರ ಹತ್ತಿರ ಕೇಳದೆ ಅಂಕಿ ಹಾಕಬೇಡಿ.

'ಅನ್‌ಈವನ್' ಪದ ಸಭ್ಯವಾಗಿ ಕಾಣುತ್ತದೆ, ಆದರೆ ನೆಲಹಾಸಿಗೆ ಅದು ವಿಷ. ಅದರ ಎದುರು ಪದ ಸಮ. ಅನ್‌ಈವನ್ ಕಲ್ಲು ಎಂದರೆ ದಪ್ಪ ಒಂದೇ ಸಮ ಇಲ್ಲ, ಕೂರಿಸಿದರೆ ಕುಲುಕುತ್ತದೆ, ಮುದುಕರು ಎಡವುತ್ತಾರೆ ಎಂದು ಓದುತ್ತಾರೆ. 'ರಫ್' ಎಂದು ಬರೆದರೆ ಪುಣೆ, ಹೈದರಾಬಾದಿನ ವ್ಯಾಪಾರಿಗೆ ಪಾಲಿಶ್ ಮಾಡದ್ದು ಎಂದು ಸರಿಯಾಗಿಯೇ ತಿಳಿಯುತ್ತದೆ. ಕಲ್ಲಿನ ಬಳಕೆಯೇ ಇಲ್ಲದವನು ಓದಿದರೆ ಮೈ ತರಚುವ ಕಲ್ಲು ಎಂದುಕೊಳ್ಳಬಹುದು. ಅವನಿಗೆ 'ಅನ್‌ಪಾಲಿಶ್ಡ್' ಎಂದು ನೇರವಾಗಿ ಬರೆಯುವುದೇ ವಾಸಿ.

ಮೈಯ ವಿಷಯದಲ್ಲಿ ನಿಮ್ಮ ಕಲ್ಲಿಗೆ ಒಂದು ಒಳ್ಳೆಯ ಪದ ಕಾಯುತ್ತಿದೆ. ಶಹಾಬಾದ್ ಪರಸಿ ಸುಣ್ಣ ಕಲ್ಲು, ಪದರ ಪದರವಾಗಿ ಕೂಡಿದ್ದು. ಗಣಿಯಲ್ಲಿ ಪದರದ ಸಂದಿಗೆ ಬೆಣೆ ಹೊಡೆದು ಎಬ್ಬಿಸಿದರೆ ಹಪ್ಪಳದಂತೆ ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚಿದ, ಯಂತ್ರ ಮುಟ್ಟದ ಮೈಗೆ ಇಂಗ್ಲಿಷಿನ ಕಲ್ಲು ವ್ಯಾಪಾರದಲ್ಲಿ 'ನ್ಯಾಚುರಲ್ ಕ್ಲೆಫ್ಟ್' ಎನ್ನುತ್ತಾರೆ, ಅದಾಗಿಯೇ ಸೀಳಿದ್ದು ಎಂದರ್ಥ. ಒಂದು ಸಲ ಉಜ್ಜುಗಲ್ಲು ತಾಗಿಸಿದ್ದರೂ ಈ ಪದ ಬಳಸಬೇಡಿ, ಬಲ್ಲವರು ಬೆರಳಲ್ಲೇ ಹಿಡಿದುಬಿಡುತ್ತಾರೆ. ಸುಣ್ಣ ಕಲ್ಲಾದ್ದರಿಂದ ಅಡುಗೆಮನೆಯಲ್ಲಿ ನಿಂಬೆ, ಹುಣಸೆ ರಸ ಬಿದ್ದ ಕಡೆ ಹೊಳಪು ಹೋಗಿ ಸ್ವಲ್ಪ ತರಕಾಗುತ್ತದೆ. ಗಿರಾಕಿ ಅದನ್ನು ರಫ್ ಎಂದು ದೂರಿದರೆ ಅದು 'ಎಚ್ಡ್', ಹುಳಿ ತಿಂದ ಗುರುತು ಎಂದು ವಿವರಿಸಿ.

ಮುಕ್ಕಾದ ಕಲ್ಲು ಲೋಡಿನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಯಾವ ಚೆಂದದ ಪದವನ್ನೂ ಹುಡುಕಬೇಡಿ. ಅದನ್ನು 'ರಸ್ಟಿಕ್' (ಹಳ್ಳಿಯ ಸೊಗಡಿನದು) ಎಂದು ಕರೆದು ದಾಟಿಸಬಹುದು ಎಂದು ಯಾರಾದರೂ ಹೇಳಿಯಾರು. ಚಿಪ್ಡ್ ಎಂದೇ ಬರೆದು ಬೇರೆ ದರಕ್ಕೆ, ಬೇರೆ ಸಾಲಿನಲ್ಲಿ ಕೊಡಿ. ವಾಪಸು ಬಂದ ಲಾರಿಯ ಬಾಡಿಗೆ ಕಲ್ಲಿನ ಬೆಲೆಗಿಂತ ಹೆಚ್ಚಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಉಚ್ಚಾರದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನೀವು 'ಜ್ಯಾಗ್ಡ್, ರ್ಯಾಗ್ಡ್, ರಗ್ಡ್' ಎಂದು ಬರೆದಿದ್ದೀರಿ. ಮೂರನ್ನೂ ಎರಡು ತುಂಡು ಮಾಡಿ ಹೇಳಬೇಕು: ಜ್ಯಾ-ಗಿಡ್, ರ್ಯಾ-ಗಿಡ್, ರ-ಗಿಡ್. ನೇಕಿಡ್, ವಿಕಿಡ್, ಕ್ರುಕಿಡ್ ಎಂಬ ಹಳೆಯ ಗುಣವಾಚಕಗಳೂ ಇದೇ ಜಾತಿಯವು. ರ್ಯಾಗ್ಡ್ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಅದು ಕಾಲೇಜಿನ ರ್ಯಾಗಿಂಗ್‌ನ ಭೂತಕಾಲ. ಫೋನಿನಲ್ಲಿ ನೀವು ಹಾಗೆ ಹೇಳಿದ್ದರೆ, ಹಿರಿಯ ವಿದ್ಯಾರ್ಥಿಗಳು ನಿಮ್ಮ ಪರಸಿಯನ್ನು ಪೀಡಿಸಿದ್ದಾರೆ ಎಂದಾಗುತ್ತದೆ.

ತಮ್ಮನಿಗೂ ಒಂದು ಮಾತು. ಸಮಾನಾರ್ಥಕ ಪದ ಆರಿಸಿ ಎಂಬ ಪ್ರಶ್ನೆಯಲ್ಲಿ ರಗಿಡ್‌ಗೆ ಎದುರಾಗಿ ರಫ್ ಕೊಟ್ಟಿದ್ದರೆ, ಉಳಿದ ಮೂರು ಅದಕ್ಕಿಂತ ದೂರವಿದ್ದರೆ, ಅದನ್ನೇ ಗುರುತು ಹಾಕಲಿ. ಆ ಆಟದಲ್ಲಿ ಕೇಳುವುದು ಹತ್ತಿರದ ಪದವನ್ನು, ಸಮನಾದ ಪದವನ್ನಲ್ಲ. ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬಂದರೆ ಕೋಚಿಂಗಿನ ಏಣಿಯನ್ನು ಮರೆತು ಪಕ್ಕದ ನಾಮಪದ ನೋಡಲಿ. ಅಲ್ಲಿ ಬಟ್ಟೆಯಿದೆಯೋ, ಗಾಜಿದೆಯೋ, ಚಾಕುವಿದೆಯೋ, ಗುಡ್ಡವಿದೆಯೋ.

ಜ್ಯಾಗಿಡ್ ಪದವನ್ನು ನೀವು ಪೂರ್ತಿ ಎಸೆಯಬೇಕಾಗಿಲ್ಲ. ಘಟಕದ ಹಿಂದೆ ಒಡೆದ ಚೂರುಗಳ ರಾಶಿ ಬಿದ್ದಿರುತ್ತದಲ್ಲ, ಅದಕ್ಕೆ ಅದೇ ಸರಿಯಾದ ಪದ. ಕೆಲಸದವರು ಆ ಕಡೆ ಬರಿಗಾಲಲ್ಲಿ ಹೋಗದಿರಲಿ ಎಂದು ಫಲಕ ಹಾಕಿಸುವುದಿದ್ದರೆ ಮಾತ್ರ ದಯವಿಟ್ಟು ಕನ್ನಡದಲ್ಲಿ ಬರೆಸಿ.